ದೂರು ಶಿಕ್ಷಣ ಕೇಂದ್ರ

ಇನ್ನೊಬ್ಬರನ್ನು ಹುರಿದುಂಬಿಸುವ ಕೆಲಸವನ್ನು ಸ್ವಲ್ಪವಾದರೂ ಹುರುಪು ಉಳಿದಿರುವವರಿಗೆ ಕೊಡಬೇಕು. ಆದರೆ ಕಾಲೇಜುಗಳಲ್ಲಿ ಅದನ್ನು ಕನ್ನಡ ಮೇಷ್ಟ್ರಿಗೆ ಕೊಡುವ ಪದ್ಧತಿ ಇದೆ. ಗಣಿತದವರು ತಮ್ಮ ವಾರದ ಪಿರಿಯಡ್ಡುಗಳನ್ನು ಕೂಡಿಸಿ ತೋರಿಸಿ ತಪ್ಪಿಸಿಕೊಳ್ಳುತ್ತಾರೆ. ಇಂಗ್ಲಿಷಿನವರು ಒಲ್ಲೆ ಎನ್ನುವುದನ್ನು ಎಷ್ಟು ಚಂದವಾಗಿ ಬರೆದುಕೊಡುತ್ತಾರೆಂದರೆ ಪ್ರಾಂಶುಪಾಲರು ಅದನ್ನು ಒಪ್ಪಿಗೆಯೋ ನಿರಾಕರಣೆಯೋ ತಿಳಿಯದೆ ಫೈಲಿಗೆ ಸೇರಿಸುತ್ತಾರೆ. ಉಳಿದವನು ನಾನು. ಆರು ವರ್ಷದ ಹಿಂದೆ ಪ್ರಾಂಶುಪಾಲರು ನನ್ನನ್ನು ಕರೆದು, 'ನಿಮಗೆ ಮಾತು ಚೆನ್ನಾಗಿ ಬರುತ್ತಲ್ಲ' ಎಂದರು. ಹೊಗಳಿಕೆ ಕೇಳಿದ ಕೂಡಲೇ ಎದ್ದು ಓಡಬೇಕೆಂಬುದು ಆಗ ನನಗೆ ತಿಳಿದಿರಲಿಲ್ಲ. ಹೊರಗೆ ಬರುವಷ್ಟರಲ್ಲಿ ನಾನು ಪೊನ್ನಂಪೇಟೆಯ ನಮ್ಮ ಕಾಲೇಜಿನಲ್ಲೇ ನಡೆಯುವ ದೂರ ಶಿಕ್ಷಣ ಅಧ್ಯಯನ ಕೇಂದ್ರದ ಸಂಯೋಜಕನಾಗಿದ್ದೆ. ವಾರವೆಲ್ಲ ಕಾಲೇಜಿನಲ್ಲಿ ಪಾಠ, ಭಾನುವಾರ ಕೇಂದ್ರದಲ್ಲಿ ಪಾಠ. ಅಂದಿನಿಂದ ನನಗೆ ಸೋಮವಾರ ಬೆಳಿಗ್ಗೆಯೇ ಶನಿವಾರ ಸಂಜೆಯಷ್ಟು ಸುಸ್ತು.

ಮನೆಯಲ್ಲಿ ಕುಳಿತು ಓದಿ, ಭಾನುವಾರ ಒಂದು ಹೊತ್ತು ತರಗತಿಗೆ ಬಂದು, ವರ್ಷದ ಕೊನೆಗೆ ಪರೀಕ್ಷೆ ಬರೆದು ಪದವಿ ಪಡೆಯಿರಿ ಎನ್ನುವುದು ನಾನು ಜನರಿಗೆ ಹೇಳಬೇಕಾದ ಮಾತು. ಕೇಳುವುದಕ್ಕೆ ಸುಲಭವಾಗಿದೆ. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಬಸ್ಸಿಲ್ಲ, ಮಳೆ ನಿಂತರೆ ಮದುವೆ, ಮದುವೆ ಮುಗಿಯಿತೆಂದರೆ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್. ಪಿಕ್ಕಿಂಗ್ ಮುಗಿದು ಜನ ಉಸಿರು ಬಿಡುವ ಹೊತ್ತಿಗೆ ಪರೀಕ್ಷೆ ಬಂದಿರುತ್ತದೆ. ಓದುವುದಕ್ಕೆಂದು ಬಿಡುವಾದ ತಿಂಗಳನ್ನು ನಾನು ಕ್ಯಾಲೆಂಡರಿನಲ್ಲಿ ಹುಡುಕಿ ಸೋತಿದ್ದೇನೆ. ಇನ್ನು ಹೆಸರಿನದೇ ಒಂದು ತೊಡಕು. ಸಂತೆಯ ದಿನ ಒಮ್ಮೆ ಕರಪತ್ರ ಹಂಚುತ್ತಿದ್ದಾಗ ಮಾಚಯ್ಯ ಎಂಬ ಹಿರಿಯರು ಕನ್ನಡಕವನ್ನು ಹಣೆಗೇರಿಸಿ ಓದಿ, 'ದೂರ ಶಿಕ್ಷಣ ಅಂದ್ರೆ ಎಷ್ಟು ದೂರ ಮೇಷ್ಟ್ರೆ? ಬಸ್ಸು ಉಂಟಾ?' ಎಂದು ಕೇಳಿದರು. ದೂರವೇನಿಲ್ಲ, ಇಲ್ಲೇ ನಮ್ಮ ಕಾಲೇಜಿನಲ್ಲೇ ಎಂದೆ. 'ಮತ್ತೆ ದೂರ ಅಂತ ಯಾಕೆ ಬರ್ದದ್ದು?' ಎಂದರು. ನಾನು ಅವರ ಕೈಗೆ ಇನ್ನೊಂದು ಕರಪತ್ರ ಕೊಟ್ಟು ಮುಂದಿನವರ ಕಡೆ ತಿರುಗಿದೆ.

ಈ ವರ್ಷ ಮೈಸೂರಿನಲ್ಲಿ ನಮ್ಮಂಥ ಸಂಯೋಜಕರಿಗೆಲ್ಲ ಒಂದು ದಿನದ ಕಾರ್ಯಾಗಾರ ನಡೆಯಿತು. ದೂರ ಶಿಕ್ಷಣಕ್ಕೆ ವಿದ್ಯಾರ್ಥಿಗಳನ್ನು ಆಕರ್ಷಿಸುವುದು ಹೇಗೆ, ಬಂದವರಿಗೆ ಪ್ರೇರಣೆ ನೀಡುವುದು ಹೇಗೆ ಎನ್ನುವುದು ವಿಷಯ. ಆಕರ್ಷಣೆ ಊಟದ ಮೊದಲು, ಪ್ರೇರಣೆ ಊಟದ ನಂತರ ಎಂದು ಹಂಚಿದ್ದರು. ಊಟ ಚೆನ್ನಾಗಿತ್ತು. ದೀಪ ಆರಿಸಿ ಪರದೆಯ ಮೇಲೆ ಒಂದಾದ ಮೇಲೊಂದು ಬಾಣದ ಗುರುತುಗಳನ್ನು ತೋರಿಸತೊಡಗಿದರು. ಪ್ರೇರಣೆಯ ಮೂರನೆಯ ಹಂತದಲ್ಲಿ ಯಾರೋ ಗೊರಕೆ ಹೊಡೆಯುತ್ತಿರುವುದು ನನಗೆ ಕೇಳಿಸಿತು. ಎಂಥ ಬೇಜವಾಬ್ದಾರಿ ಜನ ಎಂದುಕೊಳ್ಳುವಷ್ಟರಲ್ಲಿ ಪಕ್ಕದವರು ನನ್ನ ತೋಳು ತಟ್ಟಿ ಎಬ್ಬಿಸಿದರು. ಸಂಜೆ ಎಲ್ಲರಿಗೂ ಪ್ರಮಾಣಪತ್ರ ಕೊಟ್ಟರು. ಪ್ರೇರಣೆಯಲ್ಲಿ ನಾನು ತರಬೇತಿ ಪಡೆದವನೆಂದು ಅದರಲ್ಲಿ ಬರೆದಿದೆ.

ಕಾರ್ಯಾಗಾರದ ಹಿಂದೆಯೇ ಒಂದು ಪತ್ರ ಬಂತು. ಈ ಸಲ ಕನಿಷ್ಠ ಇಪ್ಪತ್ತೈದು ಹೊಸ ಪ್ರವೇಶ ಆಗದಿದ್ದರೆ ಕೇಂದ್ರವನ್ನು ಮುಚ್ಚಲಾಗುವುದು, ಈಗಾಗಲೇ ಓದುತ್ತಿರುವವರು ತರಗತಿಗೂ ಪರೀಕ್ಷೆಗೂ ಮೈಸೂರಿಗೆ ಹೋಗತಕ್ಕದ್ದು ಎಂದಿತ್ತು. ನಿಜ ಹೇಳುತ್ತೇನೆ, ಅದನ್ನು ಓದಿದಾಗ ನನಗೆ ಮೊದಲು ಆದದ್ದು ಸಂತೋಷ. ಭಾನುವಾರ ಬೆಳಿಗ್ಗೆ ಹನ್ನೊಂದರವರೆಗೆ ಮಲಗಿರುವ ನನ್ನ ಚಿತ್ರ ಕಣ್ಣಮುಂದೆ ಬಂತು. ನಮ್ಮ ಕೇಂದ್ರದ ಅಟೆಂಡರ್ ಪೂವಮ್ಮ ಅದನ್ನು ಹೇಗೆ ಕಂಡುಹಿಡಿದಳೋ, ಮೇಜು ಒರೆಸುತ್ತ, 'ನಗಬೇಡಿ ಸಾರ್. ಜಾನಕಿ ಎಂತ ಮಾಡ್ತಾಳೆ?' ಎಂದಳು. ನನ್ನ ಸಂತೋಷ ಅಲ್ಲಿಗೆ ಮುಗಿಯಿತು.

ಜಾನಕಿಯ ವಿಷಯ ಹೇಳಬೇಕು. ಅಮ್ಮತ್ತಿಯ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುವ ಹೆಂಗಸು, ವಯಸ್ಸು ನಲವತ್ತರ ಆಸುಪಾಸು, ಎಸ್ಟೇಟಿನ ಲೈನಿನಲ್ಲೇ, ಅಂದರೆ ಕೆಲಸಗಾರರ ಸಾಲುಮನೆಯಲ್ಲೇ ವಾಸ. ಹಿಂದಿನ ವರ್ಷ ಬಿ.ಎ.ಗೆ ಸೇರಲು ಬಂದಾಗ, ಯಾಕೆ ಓದಬೇಕೆಂದಿದ್ದೀರಿ ಎಂದು ಅರ್ಜಿಯ ನಿಯಮದಂತೆ ಕೇಳಿದೆ. 'ನಂಗೆ ರೈಟರ್ ಆಗ್ಬೇಕು ಸಾರ್' ಎಂದಳು. ನನಗೆ ಮೈ ಜುಮ್ಮೆಂದಿತು. ನಾನೂ ಇಪ್ಪತ್ತರ ವಯಸ್ಸಿನಲ್ಲಿ ಇದೇ ಮಾತನ್ನು ಹೇಳಿ ಅಪ್ಪನಿಂದ ಬೈಸಿಕೊಂಡವನು. ಕುರ್ಚಿ ಎಳೆದು ಅವಳನ್ನು ಕೂರಿಸಿ, ಲೇಖಕನಾದವನಿಗೆ ಇರಬೇಕಾದ ಅನುಭವ, ಒಳಗಣ್ಣು, ಭಾಷೆಯ ಹದ ಇವುಗಳ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಅವಳು ಕೊನೆಯವರೆಗೂ ಮರ್ಯಾದೆಯಿಂದ ಕೇಳಿ, ಬಳಿಕ ಮೆಲ್ಲಗೆ, 'ಅದಲ್ಲ ಸಾರ್, ಎಸ್ಟೇಟ್ ರೈಟರ್. ಹಾಜರಿ ಬರೀತಾರಲ್ಲ, ಅದು' ಎಂದಳು. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ನಾನು ಬೆಳೆದದ್ದು ಕುಶಾಲನಗರದ ಕಡೆಯ ಹೊಲಗಳಲ್ಲಿ, ಅಜ್ಜನ ಕಾಲಕ್ಕೆ ಹಾಸನದಿಂದ ಬಂದು ನೆಲೆಸಿದ ಮನೆತನ. ಎಸ್ಟೇಟಿನ ಮಾತು ನನ್ನ ಕಿವಿಗೆ ಬಿದ್ದರೂ ತಲೆಗೆ ತಡವಾಗಿ ಹೋಗುತ್ತದೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಎಷ್ಟು ಕೊಯ್ದರು ಎಂದು ಬರೆದಿಡುವವನೇ ಅಲ್ಲಿ ರೈಟರ್. ಅವರ ಎಸ್ಟೇಟಿನ ಹಳೆಯ ರೈಟರ್ ಕೆಲಸ ಬಿಡುವವರಿದ್ದರು. 'ಡಿಗ್ರಿ ಮಾಡ್ಕೊಂಡು ಬಾ, ನೋಡೋಣ' ಎಂದು ಮಾಲೀಕರು ಹೇಳಿದ್ದರಂತೆ. ಹೆಂಗಸು ರೈಟರ್ ಆದದ್ದನ್ನು ಆ ಎಸ್ಟೇಟ್ ಕಂಡಿರಲಿಲ್ಲ. ಕೇಂದ್ರ ಮುಚ್ಚಿದರೆ ಅವಳು ಭಾನುವಾರ ಭಾನುವಾರ ಮೈಸೂರಿಗೆ ಹೋಗಿಬರುವುದು ಆಗದ ಮಾತು. ಅಲ್ಲಿಗೆ ಅವಳ ರೈಟರ್‌ಗಿರಿ ಮುಗಿದಂತೆ.

ಹೀಗಾಗಿ ಇಪ್ಪತ್ತೈದು ಜನರನ್ನು ಹುಡುಕಲೇಬೇಕಾಯಿತು. ಮೊದಲು ಫಲಕದಿಂದ ಶುರು ಮಾಡೋಣವೆಂದುಕೊಂಡೆ. ಹಳೆಯ ಫಲಕ ಹಿಂದಿನ ಮಳೆಗಾಲದ ಗಾಳಿಗೆ ಹಾರಿ ಯಾರದೋ ಕೊಟ್ಟಿಗೆಯ ಬಾಗಿಲಾಗಿತ್ತು. ಫಲಕ ಬರೆಯುವ ಬಾಬುವಿನ ಊರು ಮಾಕುಟ್ಟದ ಗಡಿ ಗೇಟು ದಾಟಿ ಆಚೆಗೆ, ಕೇರಳದಲ್ಲಿ. ಆದರೆ ಪೊನ್ನಂಪೇಟೆಯ ಅರ್ಧ ಅಂಗಡಿಗಳ ಕನ್ನಡ ಅವನ ಕೈಯದೇ. ಅವನಿಗೆ ಚೀಟಿಯಲ್ಲಿ ಬರೆದುಕೊಟ್ಟೆ. ಮೂರು ದಿನದಲ್ಲಿ ಹಳದಿ ಹಲಗೆಯ ಮೇಲೆ ನೀಲಿಯಲ್ಲಿ ಬರೆದು, ಕಾಲೇಜಿನ ಗೇಟಿನ ಮೇಲೆ ಎತ್ತರಕ್ಕೆ ಕಟ್ಟಿ, ಓಣಂಗೆ ಊರಿಗೆ ಹೊರಟುಹೋದ. ದುಂಡನೆಯ ಅಕ್ಷರ, ದಾರಿಯ ಆಚೆ ಬದಿಯಿಂದಲೂ ಕಾಣುವಂತಿತ್ತು. ನಾನು ಛತ್ರಿ ಹಿಡಿದು ಕೆಳಗಿನಿಂದ ನೋಡಿ ಮೆಚ್ಚಿಕೊಂಡು ಒಳಗೆ ಹೋದೆ.

ಮಾರನೆಯ ಬೆಳಿಗ್ಗೆ ನಾನು ಕಾಲೇಜಿಗೆ ಬಂದಾಗ ಕೇಂದ್ರದ ಬಾಗಿಲಲ್ಲಿ ಐದು ಜನ ನಿಂತಿದ್ದರು. ಆರು ವರ್ಷದಲ್ಲಿ ನಾನು ಕಾಣದ ದೃಶ್ಯ. ಎಲ್ಲರಿಗಿಂತ ಮುಂದೆ ಅದೇ ಮಾಚಯ್ಯನವರು. ಅಂತೂ ಆಕರ್ಷಣೆ ಆಯಿತು ಎಂದು ನನ್ನ ಎದೆ ಉಬ್ಬಿತು. 'ಬನ್ನಿ ಬನ್ನಿ, ಬಿ.ಎ.ಗೋ ಬಿ.ಕಾಂ.ಗೋ?' ಎಂದೆ. 'ಆನೆಗೆ' ಎಂದರು ಮಾಚಯ್ಯ. ವಾರದಲ್ಲಿ ಎರಡು ಸಲ ಆನೆ ಅವರ ತೋಟಕ್ಕೆ ನುಗ್ಗಿ ಹಲಸಿನ ಮರ, ಬಾಳೆ, ಕಾಫಿ ಗಿಡಗಳನ್ನು ಮುರಿದುಹಾಕಿತ್ತು. ಅವರ ಹಿಂದಿದ್ದವರದು ಬಸ್ಸು ನಿಲ್ಲಿಸುವುದಿಲ್ಲ ಎಂಬ ತಕರಾರು, ಅವರ ಹಿಂದಿನವರದು ಪಕ್ಕದ ಮನೆಯ ನಾಯಿ. ನನಗೆ ತಲೆಬುಡ ತಿಳಿಯಲಿಲ್ಲ. ಪೂವಮ್ಮ ನನ್ನ ತೋಳು ಹಿಡಿದು ಗೇಟಿನ ಹೊರಗೆ ಕರೆದುಕೊಂಡು ಹೋಗಿ ಮೇಲೆ ಬೆರಳು ತೋರಿಸಿದಳು. ಫಲಕದಲ್ಲಿ 'ದೂರು ಶಿಕ್ಷಣ ಕೇಂದ್ರ' ಎಂದಿತ್ತು. ಹಿಂದಿನ ದಿನ ನಾನು ಮೆಚ್ಚಿದ್ದೂ ಅದನ್ನೇ. ಕೆಳಗೆ ಸಣ್ಣ ಅಕ್ಷರದಲ್ಲಿ, 'ಎಲ್ಲರಿಗೂ ಸ್ವಾಗತ. ವಯಸ್ಸಿನ ಮಿತಿ ಇಲ್ಲ.'

ನಾನು ಬಾಬುವಿಗೆ ಫೋನು ಮಾಡಿ ಹಾರಾಡಿದೆ. ಅವನು ತಾಳ್ಮೆಯಿಂದ ಕೇಳಿ, 'ಸಾರೇ, ನಿಮ್ಮ ಚೀಟಿ ನನ್ನ ಹತ್ರ ಉಂಟು, ಫೋಟೋ ಹಾಕ್ತೇನೆ, ನೋಡಿ' ಎಂದ. ನೋಡಿದೆ. ಪದದ ಕೊನೆಯಲ್ಲಿ ಪೆನ್ನನ್ನು ಬಾಲದಂತೆ ಒಂದು ಸುತ್ತು ಸುತ್ತಿಸಿ ಬಿಡುವುದು ನನ್ನ ಹಳೆಯ ಚಾಳಿ. ಕಾಲೇಜಿನಲ್ಲಿ ಓದುತ್ತಿದ್ದಾಗ ಯಾರೋ ಒಬ್ಬಳು ಅದನ್ನು ಚಂದ ಎಂದದ್ದೇ ತಪ್ಪಾಯಿತು. ಆ ಬಾಲ 'ರ'ಕ್ಕೆ ಸೇರಿ ಸ್ಪಷ್ಟವಾಗಿ 'ರು' ಆಗಿತ್ತು. 'ನಂಗೂ ಸಂಶಯ ಬಂತು. ಆದ್ರೆ ಕನ್ನಡ ಮಾಷಲ್ವಾ, ನಾನು ತಿದ್ದುವುದು ಸರಿಯಲ್ಲ ಅಂತ ಬಿಟ್ಟೆ' ಎಂದ ಬಾಬು. ಓಣಂ ಮುಗಿಸಿ, ತಂಗಿಯ ಮನೆಗೆ ಹೋಗಿ, ಬಂದ ಮೇಲೆ ಸರಿಮಾಡುತ್ತೇನೆ ಎಂದ. ನಾನೇ ಏಣಿ ಹತ್ತಿ ಅಳಿಸೋಣವೆಂದರೆ ನನಗೆ ಎತ್ತರ ಆಗದು. ಪೂವಮ್ಮ, 'ಇರ್ಲಿ ಬಿಡಿ ಸಾರ್. ಸರಿಯಾಗಿ ಬರ್ದಿದ್ದಾಗ ಯಾರು ಬಂದ್ರು?' ಎಂದಳು.

ಹೀಗೆ ನಾನು ಕೊಡಗಿನ ದೂರುಗಳನ್ನು ಬರೆಯಲು ಕುಳಿತೆ. ದೂರ ನಡೆದು ಬಂದವರನ್ನು ವಾಪಸು ಕಳಿಸುವ ಗಟ್ಟಿತನ ನನಗಿಲ್ಲ, ಅದಕ್ಕೂ ಶಕ್ತಿ ಬೇಕು. ಮಾಚಯ್ಯನವರ ದೂರನ್ನು ಮನಸ್ಸಿಟ್ಟು ಬರೆದೆ. 'ಮದೋನ್ಮತ್ತ ಗಜರಾಜನು ಕಾನನದಿಂದ ಧಾವಿಸಿ' ಎಂದು ಆರಂಭ. ಓದಿ ಹೇಳಿದಾಗ ಮಾಚಯ್ಯ, 'ಆನೆಗೆ ಇಷ್ಟೆಲ್ಲ ಮರ್ಯಾದಿ ಯಾಕೆ ಮೇಷ್ಟ್ರೆ? ತೋಟ ಹೋದದ್ದು ನಂದಲ್ವಾ?' ಎಂದರು. ಅದು ಭಾನುವಾರ, ಜಾನಕಿ ಪಕ್ಕದ ಬೆಂಚಿನಲ್ಲಿ ತರಗತಿಗಾಗಿ ಕಾಯುತ್ತಿದ್ದಳು. 'ಸಾರ್, ಯಾವ ದಿನ, ಎಷ್ಟು ಗಿಡ ಅಂತ ಬರೀಲೇ ಇಲ್ಲ' ಎಂದಳು. ಅವರಿಬ್ಬರು ಕೂತು ಎಣಿಸಿ ನಾಲ್ಕು ಸಾಲು ಬರೆದರು. ಗಜರಾಜ ಹೋಗಿ ಬರೀ ಆನೆಯಾಯಿತು. ಆ ನಾಲ್ಕು ಸಾಲಿಗೆ ಹತ್ತು ದಿನದಲ್ಲಿ ಅರಣ್ಯ ಇಲಾಖೆಯಿಂದ ಉತ್ತರ ಬಂತು, ಅಲ್ಲಿನ ಜನ ಬಂದು ತೋಟ ನೋಡಿಕೊಂಡೂ ಹೋದರು. ಮಾಚಯ್ಯ ಅದನ್ನು ಸಂತೆಯಲ್ಲೆಲ್ಲ ಸಾರಿದರು. ಮುಂದಿನ ವಾರ ಬಾಗಿಲಲ್ಲಿ ಹನ್ನೆರಡು ಜನ.

ಆಗ ಪೂವಮ್ಮ ಒಂದು ಕಾನೂನು ಮಾಡಿದಳು. ನನ್ನನ್ನು ಕೇಳಲಿಲ್ಲ. 'ಒಂದು ದೂರು ಸಾರ್ ಬರ್ದು ಕೊಡ್ತಾರೆ. ಎರಡನೇದು ಬೇಕಾದ್ರೆ ಇಲ್ಲಿ ಸೇರಿ ಬರೀಲಿಕ್ಕೆ ಕಲೀಬೇಕು' ಎಂದು ಬಂದವರಿಗೆಲ್ಲ ಹೇಳತೊಡಗಿದಳು. ಯಾವ ಕಾರ್ಯಾಗಾರದಲ್ಲೂ ಹೇಳಿಕೊಡದ ಈ ಉಪಾಯದಿಂದ ಅರ್ಜಿಗಳು ತುಂಬತೊಡಗಿದವು. ನಾಯಿಯ ತಕರಾರಿನವರು ಸೇರಿದರು. ಅವರ ದೂರಿಗೆ ಉತ್ತರ ಬರೆಯಬೇಕೆಂದು ನಾಯಿ ಸಾಕಿದವರೂ ಸೇರಿದರು. ಮಾಚಯ್ಯನವರಿಗೆ ಅರವತ್ತೆಂಟು, ಹಳೆಯ ಪಿಯುಸಿ ಅಂಕಪಟ್ಟಿಯನ್ನು ಪೆಟ್ಟಿಗೆಯ ಅಡಿಯಿಂದ ತೆಗೆದುಕೊಂಡು ಬಂದು, 'ಪುಸ್ತಕದಲ್ಲಿ ಆನೆ ವಿಷಯ ಉಂಟಾ?' ಎಂದು ಕೇಳಿ ಸೇರಿದರು. ಪ್ರವೇಶದ ಕೊನೆಯ ದಿನ ಮಧ್ಯಾಹ್ನ ಎಣಿಸಿದರೆ ಇಪ್ಪತ್ತನಾಲ್ಕು. ನಾನು ಗೇಟಿನ ಬಳಿ ನಿಂತು ದಾರಿ ನೋಡಿದೆ. ದೂರಿಲ್ಲದ ಮನುಷ್ಯರೇ ಅವತ್ತು ಪೊನ್ನಂಪೇಟೆಯಲ್ಲಿ ಓಡಾಡುತ್ತಿದ್ದರು. ನಾಲ್ಕು ಗಂಟೆಗೆ ಪೂವಮ್ಮ ಖಾಲಿ ಅರ್ಜಿಯೊಂದನ್ನು ನನ್ನ ಮುಂದಿಟ್ಟು ಪೆನ್ನಿನ ಮುಚ್ಚಳ ತೆಗೆದಳು. ಹೀಗೆ ನಾನು, ನನ್ನದೇ ಕೇಂದ್ರದಲ್ಲಿ, ಬರವಣಿಗೆ ಕಲೆಯ ಸರ್ಟಿಫಿಕೇಟ್ ಕೋರ್ಸಿಗೆ ಇಪ್ಪತ್ತೈದನೆಯ ವಿದ್ಯಾರ್ಥಿಯಾಗಿ ಸೇರಿಕೊಂಡೆ. ಯಾವ ನಿಯಮವೂ ಅಡ್ಡ ಬರಲಿಲ್ಲ. ಅಂಥ ಮನುಷ್ಯ ಇರಬಹುದೆಂದು ನಿಯಮ ಮಾಡಿದವರು ಊಹಿಸಿರಲಿಲ್ಲ.

ಕೇಂದ್ರ ಉಳಿಯಿತು. ಬಾಬು ಬಂದು ಬಾಲ ಅಳಿಸಿದ. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ಕೆಲಸ ಗೆದ್ದ ಮೇಲೆ ಬರುವ ಸುಸ್ತು ಇದೆಯಲ್ಲ, ಅದು ಸೋತಾಗಿನ ಸುಸ್ತಿಗಿಂತ ಭಾರ. ಇಪ್ಪತ್ತೈದೂ ಆಯಿತಲ್ಲ, ಇನ್ನೇನು ಎಂದು ಒಂದು ಭಾನುವಾರ ಮಲಗಿದೆ. 'ಈ ದಿನ ತರಗತಿ ಇರುವುದಿಲ್ಲ' ಎಂದು ಗುಂಪಿಗೆ ಮೆಸೇಜು ಹಾಕಿದೆ. ಹತ್ತಾರು ಜನ ಕೈಮುಗಿಯುವ ಚಿತ್ರ ಕಳಿಸಿದರು. ಪಾಠ ಇದೆ ಎಂದಾಗ ಯಾರೂ ಹೀಗೆ ಭಕ್ತಿ ತೋರಿಸಿದವರಲ್ಲ. ಮುಂದಿನ ಭಾನುವಾರ ಮಳೆಯ ನೆಪ, ಅದರ ಮುಂದಿನದಕ್ಕೆ ಸೊಂಟದ ನೆಪ, ನಾಲ್ಕನೆಯದಕ್ಕೆ ನೆಪವನ್ನೂ ಬರೆಯಲಿಲ್ಲ. ಸುಳ್ಳು ಯಾಕೆ, ಓದಿಸುವುದರಲ್ಲಿ ನನಗೆ ನಂಬಿಕೆಯೇ ಸವೆದುಹೋಗಿತ್ತು. ವರ್ಷವರ್ಷವೂ ಬರುವ ಅಸೈನ್‌ಮೆಂಟುಗಳನ್ನು ನೀವು ನೋಡಬೇಕು. ಎಲ್ಲವೂ ಒಂದೇ ಗೈಡಿನ ನಕಲು, ಗೈಡಿನ ಅಚ್ಚಿನ ತಪ್ಪುಗಳ ಸಮೇತ. ಜಾನಕಿಯದೂ ಹಾಗೇ. ಉತ್ತರದ ನಡುವೆ 'ಮುಂದಿನ ಪುಟ ನೋಡಿ' ಎಂಬುದನ್ನೂ ಬಿಡದೆ ಬರೆದಿದ್ದಳು. ನಾನೂ ಪುಟ ತಿರುಗಿಸಿ ನೋಡಿ ಅಂಕ ಹಾಕಿದ್ದೆ.

ಐದನೆಯ ವಾರದ ಸೋಮವಾರ ಪೂವಮ್ಮ ಒಂದು ಮಡಚಿದ ಹಾಳೆ ತಂದು ಮೇಜಿನ ಮೇಲಿಟ್ಟಳು. 'ಎಂತ ಇದು?' ಎಂದೆ. 'ದೂರು' ಎಂದು ಹೇಳಿ, ಹೋಗದೆ ಅಲ್ಲೇ ನಿಂತಳು. ಫಲಕ ತಿದ್ದಿಸಿದ ಮೇಲೂ ಬರುತ್ತಾರಲ್ಲ ಎಂದು ಗೊಣಗುತ್ತ ಬಿಡಿಸಿದೆ. ಎಸ್ಟೇಟಿನ ಹಾಜರಿ ಪುಸ್ತಕದಂಥ ಉದ್ದ ಗೆರೆಯ ಹಾಳೆಯಲ್ಲಿ, ಬಾಲವಿಲ್ಲದ ನೆಟ್ಟನೆಯ ಅಕ್ಷರಗಳಲ್ಲಿ ಹೀಗಿತ್ತು:

'ಕೇಂದ್ರದ ಸಂಯೋಜಕರಿಗೆ, ಎರಡನೇ ಬಿ.ಎ. ಜಾನಕಿ ಬರೆಯುವ ದೂರು. ಇಪ್ಪತ್ತೈದನೇ ನಂಬರಿನ ವಿದ್ಯಾರ್ಥಿ ನಾಲ್ಕು ಭಾನುವಾರದಿಂದ ತರಗತಿಗೆ ಬಂದಿಲ್ಲ. ಅವರೊಬ್ಬರು ಬಾರದಿದ್ದರೆ ನಾನು ದೂರುತ್ತಿರಲಿಲ್ಲ. ಆದರೆ ಅವರು ಬಾರದ ದಿನ ನಮಗೆ ಪಾಠ ಮಾಡುವವರೂ ಬರುವುದಿಲ್ಲ. ನಮ್ಮ ಲೈನಿನಲ್ಲಿ ಸಿಗ್ನಲ್ ಇಲ್ಲ. ನಾನು ಅಮ್ಮತ್ತಿಗೆ ನಡೆದು, ಗೋಣಿಕೊಪ್ಪದಲ್ಲಿ ಬಸ್ಸು ಬದಲಿಸಿ ಬರುತ್ತೇನೆ. ತರಗತಿ ಇಲ್ಲ ಎಂಬ ಮೆಸೇಜು ನನಗೆ ಸಿಗುವುದು ತರಗತಿಯ ಬಾಗಿಲಿಗೆ ಬಂದ ಮೇಲೆ. ನಾಲ್ಕು ಸಲ ಹೀಗಾಯಿತು. ಪಿಕ್ಕಿಂಗ್ ಶುರುವಾಗಲು ಇನ್ನು ಮೂರು ಭಾನುವಾರ ಇದೆ, ಆಮೇಲೆ ನನಗೆ ಭಾನುವಾರ ಇಲ್ಲ. ತಾವು ಆ ವಿದ್ಯಾರ್ಥಿಗೆ ಬುದ್ಧಿ ಹೇಳಬೇಕಾಗಿ ಕೋರುತ್ತೇನೆ. ನಾವು ಹೇಳಿದರೆ ಅವರಿಗೆ ಬೇಸರವಾಗಬಹುದು. ತಾವು ಹೇಳಿದರೆ ಕೇಳಿಯಾರು.'

ಅಭ್ಯಾಸಬಲದಿಂದ ಕೆಂಪು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಎರಡು ಸಲ ಓದಿದೆ. ತಿದ್ದಲು ಏನೂ ಇರಲಿಲ್ಲ. ಒಂದು ಪದ ಹೆಚ್ಚಿಲ್ಲ, ಲೆಕ್ಕ ತಪ್ಪಿಲ್ಲ, ಗೈಡಿನ ವಾಸನೆಯಿಲ್ಲ. ಆರು ವರ್ಷದಲ್ಲಿ ನನ್ನ ಮೇಜಿಗೆ ಬಂದ ಮೊದಲ ಸ್ವಂತ ಬರಹ, ಅದೂ ನನ್ನ ಮೇಲೆ. ನಾಚಿಕೆಯಾಯಿತು. ಇಷ್ಟು ಚೆನ್ನಾಗಿ ಬರೆದಿದ್ದಾಳಲ್ಲ ಎಂದು ಖುಷಿಯೂ ಆಯಿತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು ಎಂದರೆ ನೀವು ನಗಬೇಡಿ, ಇಪ್ಪತ್ತರ ವಯಸ್ಸಿನಿಂದ ರೈಟರ್ ಆಗಬೇಕೆಂದುಕೊಂಡವನು ನಾನು. 'ಎಂತ ಮಾಡುದು ಸಾರ್, ಆ ಹುಡುಗನಿಗೆ ನೋಟೀಸು ಕಳಿಸುದಾ?' ಎಂದಳು ಪೂವಮ್ಮ. ಬೇಡ, ನಾನೇ ಮಾತಾಡುತ್ತೇನೆ ಎಂದೆ.

ಮುಂದಿನ ಭಾನುವಾರ ಹೊರಟೆ. ಪುಣ್ಯಕ್ಕೆ ಇಪ್ಪತ್ತು ನಿಮಿಷ ಮಾತ್ರ ತಡವಾಯಿತು. ಮೊದಲ ಬೆಂಚಿನಲ್ಲಿ ಮಾಚಯ್ಯ ಕನ್ನಡಕ ಹಣೆಗೇರಿಸಿ ಕುಳಿತಿದ್ದರು, ಅವರ ಹಿಂದೆ ನಾಯಿಯ ಎರಡೂ ಕಡೆಯವರು ನಡುವೆ ಒಂದು ಜಾಗ ಬಿಟ್ಟು ಕುಳಿತಿದ್ದರು. ಒಳಗೆ ಕಾಲಿಟ್ಟವನೇ ಗಂಟಲು ಸರಿಮಾಡಿಕೊಂಡು ಹಾಜರಿ ಪುಸ್ತಕಕ್ಕೆ ಕೈ ಚಾಚಿದೆ. ಅದು ಜಾನಕಿಯ ಮುಂದಿತ್ತು. ಕಾದು ಕಾದು ಪೂವಮ್ಮ ಅವಳ ಕೈಯಲ್ಲೇ ಹಾಜರಿ ಬರೆಸಿದ್ದಳಂತೆ. ಗೆರೆ ತಪ್ಪದೆ, ಮಸಿ ಚೆಲ್ಲದೆ, ಎಲ್ಲರ ಹೆಸರಿನ ಮುಂದೆಯೂ ಅಚ್ಚುಕಟ್ಟಾಗಿ ಗುರುತು ಬಿದ್ದಿತ್ತು. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅದರ ಮುಂದೆ 'ಅರ್ಧ' ಎಂದು ಬರೆದಿತ್ತು. ನಾನು ಅವಳ ಮುಖ ನೋಡಿದೆ. ಅವಳು ಎದ್ದು ನಿಂತಳು, ಆದರೆ ಅಳಿಸಲಿಲ್ಲ.

'ನಮ್ಮ ಎಸ್ಟೇಟಲ್ಲಿ ಹಾಗೇ ಸಾರ್' ಎಂದಳು. 'ಲೇಟಾಗಿ ಬಂದವ್ರಿಗೆ ಅರ್ಧ ಹಾಜರಿ. ಮಿಕ್ಕ ಅರ್ಧ ಸಂಜೆ, ಕೆಲ್ಸ ನೋಡಿ ಬರೀತೇನೆ.'

ನಾನು ಪುಸ್ತಕ ತೆರೆದು ಪಾಠ ಶುರುಮಾಡಿದೆ. ರೈಟರ್ ನೋಡುತ್ತಿದ್ದಳು.